ಕಾಸ್ ಪಠಾರಕ್ಕೆ ಹೋಗ್ತೀರಾ? ಎಲೆಯ ಫೋಟೋ ಮರೆಯಬೇಡಿ

ಕಾಸ್ ಅಂದರೆ ಮಹಾರಾಷ್ಟ್ರದ ಸಾತಾರಾ ಹತ್ತಿರ, ಬೆಟ್ಟದ ಮೇಲಿನ ಹೂವಿನ ಬಯಲು. ಮೊದಲ ಸಲ ಅಲ್ಲಿಗೆ ಹೋಗಿ ಬಂದಾಗ ಮೊಬೈಲ್ ತುಂಬಾ ಹೂವಿನ ಫೋಟೋ. ಮನೆಗೆ ಬಂದು ಪುಸ್ತಕ ತೆರೆದು ಕೂತರೆ ಹಳದಿ ಹೂಗಳಲ್ಲಿ ಒಂದರ ಹೆಸರೂ ಖಚಿತವಾಗಲಿಲ್ಲ, ಯಾಕಂದ್ರೆ ಒಂದು ಫೋಟೋದಲ್ಲೂ ಎಲೆ ಇರಲಿಲ್ಲ! ಹಾಗಾಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ಹೊರಟೆ, ಈ ಸಲ ಅವ್ವನ ಜೊತೆ.

ಬೆಳಗಾವಿಯಿಂದ ಕೊಲ್ಲಾಪುರ ದಾಟಿ ಸಾತಾರಾ, ಅಲ್ಲಿಂದ ಘಾಟಿ ಹತ್ತಿ ಸುಮಾರು 25 ಕಿ.ಮೀ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೋ ಪಟ್ಟಿ ಸೇರಿದ ಜಾಗ ಇದು, ಶನಿವಾರ ಭಾನುವಾರ ಹೋದರೆ ಹೂವಿಗಿಂತ ಜನರ ಬೆನ್ನೇ ಜಾಸ್ತಿ ಕಾಣುತ್ತದೆ. ಛತ್ರಿ ಬೇಡ, ಗಾಳಿಗೆ ನಿಲ್ಲಲ್ಲ. ರೇನ್‌ಕೋಟ್ ಇರಲಿ.

ಕಾರಿನಿಂದ ಇಳಿಯುತ್ತಲೇ ಅವ್ವ, "ಅಯ್ಯ, ಇದು ಗುರೆಳ್ಳು ಅಲ್ಲೇನು?" ಅಂದಳು. ತಪ್ಪಿಲ್ಲ, ದೂರದಿಂದ ಹಾಗೇ ಕಾಣುತ್ತದೆ. ಆದರೆ ಅದು ಸೋನ್ಕಿ ಅನ್ನೋ ಕಾಡುಹೂ. ಗುರೆಳ್ಳಿನ ಗಿಡದಲ್ಲಿ ಕೆಳಗಿನ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಸೋನ್ಕಿಯಲ್ಲಿ ಹಾಗಲ್ಲ, ಒಂದು ಎಲೆ ಈ ಕಡೆ, ಸ್ವಲ್ಪ ಮೇಲೆ ಇನ್ನೊಂದು ಆ ಕಡೆ. ಬಗ್ಗಿ ತೋರಿಸಿದೆ. "ಚಟ್ನಿಗೆ ಬರಂಗಿಲ್ಲಂದ್ರ ಬಿಡು" ಅಂತ ಮುಂದೆ ಹೋದಳು.

ನನ್ನನ್ನು ಜಾಸ್ತಿ ಸತಾಯಿಸಿದ್ದು ಸ್ಮಿಥಿಯಾ. ಇದು ಬಟಾಣಿ ಕುಟುಂಬದ ಸಣ್ಣ ಹೂ, ಹೆಚ್ಚಾಗಿ ಹಳದಿ. ಎರಡು ಕೆಂಪು ಮಚ್ಚೆ ಇರುವುದನ್ನು ಎಲ್ಲರೂ ಮಿಕಿ ಮೌಸ್ ಅಂತಾರೆ. ಇದರಲ್ಲೇ ಹಲವು ಜಾತಿ, ಹೂ ನೋಡಿ ಹೇಳ್ತೀನಿ ಅಂದರೆ ಸುಮ್ನೆ ಊಹೆ ಅಷ್ಟೇ. ಎಲೆ ಹುಣಸೆ ಎಲೆಯ ಥರ ಚೂರುಚೂರಾಗಿರುತ್ತದೆ, ಆ ಚೂರುಗಳನ್ನು ಎಣಿಸಿ. ನಾಲ್ಕೇ ಇದ್ದರೆ ಬೈಜೆಮಿನಾ. ಆ ಹೆಸರಿನ ಅರ್ಥವೇ ಎರಡು ಜೊತೆ. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಜಾತಿ, ಆಗ ಹೂವಿನ ಹಿಂದಿನ ಹಸಿರು ಬಟ್ಟಲನ್ನೂ ಅದರ ರೋಮವನ್ನೂ ಫೋಟೋ ತೆಗೆಯಿರಿ. ಹೂ ನೇರಳೆ ಆಗಿದ್ದರೆ ತಲೆನೋವಿಲ್ಲ, ಅದು ಪರ್ಪುರಿಯಾ.

ನೇರಳೆ ಹಾಸು ಕಂಡಾಗಲೂ ಎಲೆ ಹುಡುಕಿ. ಕಾಂಡದ ಸುತ್ತ ಸಣ್ಣ ಎಲೆಗಳು ಚಕ್ರದ ಹಾಗೆ ಕೂತು, ತುದಿಯಲ್ಲಿ ಜುಂಗಿನಂಥ ತೆನೆ ಇದ್ದರೆ ಪೊಗೊಸ್ಟೆಮಾನ್. ಕಡ್ಡಿಯಂಥ ಕಾಂಡ, ಎಲೆಯೇ ಕಾಣದು, ಮೇಲೆ ಪುಟ್ಟ ನೀಲಿ-ನೇರಳೆ ಹೂ ಅಂದರೆ ಸೀತೆಯ ಕಣ್ಣೀರು, ಅಂದರೆ ಯುಟ್ರಿಕ್ಯುಲೇರಿಯಾ. ಇಷ್ಟು ಸೌಮ್ಯವಾಗಿ ಕಾಣುವ ಇದು ಒದ್ದೆ ಮಣ್ಣಿನೊಳಗೆ ಸಣ್ಣ ಚೀಲ ಇಟ್ಟುಕೊಂಡು ಹುಳ ಹಿಡಿದು ತಿನ್ನುತ್ತದೆ!

ಫೋಟೋಗೋಸ್ಕರ ಹಾಸಿನ ಮೇಲೆ ಕಾಲಿಡಬೇಡಿ, ಬಂಡೆ ಮೇಲಿರುವುದು ತೆಳು ಮಣ್ಣು. ದಾರಿಯಂಚಿನಲ್ಲೇ ಬೇಕಾದಷ್ಟು ಸಿಗುತ್ತವೆ. ಪ್ರತಿ ಗಿಡಕ್ಕೆ ಮೂರು ಫೋಟೋ ಸಾಕು: ಹೂ ಎದುರಿನಿಂದ, ಹೂ ಪಕ್ಕದಿಂದ, ಎಲೆ ಕಾಂಡಕ್ಕೆ ಸೇರುವ ಜಾಗ. ವಾಪಸ್ ಬರುವಾಗ ಸಾತಾರಾದಲ್ಲಿ ಕಂದಿ ಪೇಢಾ ತಗೊಳ್ಳಿ. ಅವ್ವನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೇ.