ಅಜ್ಜನ ಹೆಸರಿನ ಕರೆಂಟ್ ಬಿಲ್, ನಮ್ಮವರ ವೀಸಾ

ಎರಡು ತಿಂಗಳ ಹಿಂದೆ ಅಪ್ಪಾಜಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಬೆಸ್ಕಾಂ ಬಿಲ್. ದಾವಣಗೆರೆಯ ನಮ್ಮ ಮನೆಯದು. ಆರ್.ಆರ್. ನಂಬರ್ ಕೆಳಗೆ ನಮ್ಮಜ್ಜನ ಹೆಸರಿತ್ತು. ಅಜ್ಜ ತೀರಿಕೊಂಡು ಹದಿಮೂರು ವರ್ಷವಾಯಿತು. "ಇದು ನಡೆಯುತ್ತೇನಮ್ಮ?" ಅಂತ ಅಪ್ಪಾಜಿ ಕೇಳಿದ್ದರು.

ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಒಂಬತ್ತು ವರ್ಷ ಇಲ್ಲಿ ಕಳೆದು ಈಗ ಊರಿಗೆ ವಾಪಸ್ ಬರುತ್ತಿದ್ದೇನೆ. ಹತ್ತಿ ಮಿಲ್‌ಗಳು ಜೋರಾಗಿದ್ದ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಅಂಥ ಒಂದು ಮಿಲ್‌ನಲ್ಲಿ ದುಡಿದವರು ನಮ್ಮ ಅಪ್ಪಾಜಿ. ಹಾಗಾಗಿ ನಾನು ಇಲ್ಲಿಗೆ ಓದಲು ಹೊರಟಾಗ ಊರಿನ ಹೆಸರು ಕೇಳಿಯೇ ಅವರಿಗೆ ಅರ್ಧ ಧೈರ್ಯ ಬಂದಿತ್ತು. ಈಗ ನನ್ನ ಜೊತೆ ನಮ್ಮವರೂ ಬರುತ್ತಿದ್ದಾರೆ. ಅವರು ಇಲ್ಲಿಯೇ ಹುಟ್ಟಿ ಬೆಳೆದವರು, ಬ್ರಿಟಿಷ್ ಪಾಸ್‌ಪೋರ್ಟ್. ನನಗೆ ಟಿಕೆಟ್ ಇದ್ದರೆ ಸಾಕು. ಅವರಿಗೆ ವೀಸಾ ಬೇಕು.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಊರಲ್ಲಿರುವ ತಂದೆ ತಾಯಿಗಳಿಗೆ. ನಿಮ್ಮ ಮಗಳೋ ಮಗನೋ ಹೊರದೇಶದವರನ್ನು ಮದುವೆಯಾಗಿ ವಾಪಸ್ ಬರುತ್ತೇನೆ ಅಂದರೆ, ಅರ್ಧ ಕೆಲಸ ನಿಮ್ಮ ಮನೆಯ ಬೀರುವಿನಲ್ಲೇ ಇರುತ್ತದೆ. ನಮಗೆ ಇದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಮೊದಲು ನಾವು ಹೋಗಿದ್ದು ಒಬ್ಬ ಏಜೆಂಟ್ ಹತ್ತಿರ. ಫೋನಿನಲ್ಲೇ ಮಾತು, ದುಡ್ಡು ಮುಂಗಡ. "ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಮಿಕ್ಕಿದ್ದು ಅಲ್ಲಿ ನೋಡಿಕೊಳ್ಳಬಹುದು" ಅಂದರು. ಊರು ನೋಡಿ ಬರುವವರಿಗೆ ಕೊಡುವ ವೀಸಾದಲ್ಲಿ ಸಂಸಾರ ಹೂಡಲು ಆಗುತ್ತಾ? ನನಗೆ ಸರಿ ಅನಿಸಲಿಲ್ಲ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಬೇರೆಯದೇ ಇದೆ. ಅದಕ್ಕೆ ಎಂಟ್ರಿ ವೀಸಾ ಅಂತಾರೆ, ಎಕ್ಸ್ ವೀಸಾ ಅಂತಲೂ ಕರೆಯುತ್ತಾರೆ. ಅದನ್ನೇ ಹಾಕಿ ಅಂತ ಹಟ ಹಿಡಿದೆ. ಹಾಕಿದರು, ಆದರೆ ಅರ್ಜಿ ತುಂಬಿದ ರೀತಿ ನೋಡಿ ಹೊಟ್ಟೆ ಉರಿಯಿತು. ಅದನ್ನು ಮುಂದೆ ಹೇಳುತ್ತೇನೆ.

ನಿಜವಾದ ಸಹಾಯ ಸಿಕ್ಕಿದ್ದು ಒಬ್ಬ ಅಕ್ಕನಿಂದ. ಇಲ್ಲಿಯ ಯುಗಾದಿ ಊಟದಲ್ಲಿ ಪರಿಚಯ. ಚಿತ್ರದುರ್ಗದವರು. ಅವರ ಯಜಮಾನರು ಐರ್ಲೆಂಡಿನವರು. ಇಬ್ಬರೂ ಕೆಲವು ವರ್ಷ ದುರ್ಗದಲ್ಲೇ ಸಂಸಾರ ಮಾಡಿ ಬಂದವರು. "ಎಲ್ಲಾ ಕಾಗದ ತಗೊಂಡು ಬಾ ತಂಗಿ, ಜೆರಾಕ್ಸ್ ಅಲ್ಲ, ಒರಿಜಿನಲ್" ಅಂದರು. ಒಂದು ಶನಿವಾರ ಮಧ್ಯಾಹ್ನ ಅವರ ಅಡುಗೆಮನೆ ಟೇಬಲ್ ಒರೆಸಿ, ಎಲ್ಲವನ್ನೂ ಸಾಲಾಗಿ ಹರಡಿಕೊಂಡೆವು. ಅಕ್ಕ ಒಂದು ಸ್ಟೀಲ್ ಸ್ಕೇಲ್ ತಗೊಂಡು, ಏಜೆಂಟ್ ತುಂಬಿದ ಅರ್ಜಿಯ ಮೊದಲ ಸಾಲಿನ ಕೆಳಗಿಟ್ಟು ಗಟ್ಟಿಯಾಗಿ ಓದಿದರು. ನಾನು ಪಾಸ್‌ಪೋರ್ಟ್ ನೋಡಿ "ಸರಿ" ಅನ್ನಬೇಕು. ಆಮೇಲೆ ಸ್ಕೇಲ್ ಒಂದು ಸಾಲು ಕೆಳಗೆ. ಹೀಗೆ ಮೂರು ತಾಸು.

ಹೆಂಡತಿ ಹುಟ್ಟಿದ ಊರು ಅನ್ನುವ ಸಾಲಿಗೆ ಬಂದಾಗ ಸ್ಕೇಲ್ ನಿಂತಿತು. ಅರ್ಜಿಯಲ್ಲಿ ಚಿತ್ರದುರ್ಗ ಅಂತಿತ್ತು. ನನ್ನ ಪಾಸ್‌ಪೋರ್ಟ್‌ನಲ್ಲಿ ದಾವಣಗೆರೆ. ಏಜೆಂಟ್ ಅದನ್ನು ನನ್ನ ಜನನ ಪ್ರಮಾಣಪತ್ರದಿಂದ ಎತ್ತಿದ್ದರು. ನಾನು ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಜಿಲ್ಲೆಯ ಹೆಸರನ್ನೇ ಊರು ಅಂದುಕೊಂಡು ಬರೆದುಬಿಟ್ಟಿದ್ದಾರೆ. ಅಕ್ಕ ನಕ್ಕರು: "ಮುಂಚೆ ನೀವೆಲ್ಲಾ ನಮ್ಮ ಜಿಲ್ಲೆಯೋರೇ ಅಲ್ವಾ." ಆಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿದರು. ಅಷ್ಟೇ ಅಲ್ಲ, ಇಂಗ್ಲಿಷಿನಲ್ಲಿ ನಮ್ಮೂರಿನ ಸ್ಪೆಲ್ಲಿಂಗೂ ಎರಡು ಥರ. ನಡುವೆ 'ಎ' ಇರುವುದು ಒಂದು, ಇಲ್ಲದ್ದು ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಎಲ್ಲಾ ಕಡೆ ಹಾಗೇ ಇರಲಿ ಅಂದರು. ನಮ್ಮ ಊರಿನ ಚರಿತ್ರೆ ಗೊತ್ತಿಲ್ಲದವರಿಗೆ ಇದು ಕಣ್ಣಿಗೆ ಬೀಳುವುದು ಹೇಗೆ? ದುಡ್ಡು ಕೊಟ್ಟವರಿಗಿಂತ ನಮ್ಮ ಸೀಮೆಯವರೊಬ್ಬರು ಜೊತೆ ಕೂತು ಓದಿದ್ದು ಹೆಚ್ಚು ಅಂತ ಅವತ್ತು ನನಗೆ ಮನವರಿಕೆಯಾಯಿತು.

ಹೊಸ ಅರ್ಜಿ ನಾವೇ ತುಂಬಿದೆವು. ನಮ್ಮವರ ಅಪ್ಪ ಅಮ್ಮ ಹುಟ್ಟಿದ ಊರು ಕೇಳುತ್ತಾರೆ. ದೇಹದ ಮೇಲಿನ ಗುರುತು ಕೇಳುತ್ತಾರೆ. ಅದಕ್ಕೇನು ಬರೆಯಬೇಕೆಂದು ನಮ್ಮವರಿಗೆ ತಿಳಿಯಲಿಲ್ಲ, ಗಲ್ಲದ ಮಚ್ಚೆ ತೋರಿಸಿ ಬರೆಸಿದೆ. ಫೋಟೋ ಎರಡಿಂಚು ಚೌಕದ್ದು ಬೇಕು, ಇಲ್ಲಿಯ ಪಾಸ್‌ಪೋರ್ಟ್ ಅಳತೆ ಬೇರೆ, ಅದು ನಡೆಯುವುದಿಲ್ಲ.

ಮದುವೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮದುವೆ ಎರಡು ಸಲ ಆಯಿತು. ಇಲ್ಲಿ ರಿಜಿಸ್ಟರ್, ಆಮೇಲೆ ದಾವಣಗೆರೆಯಲ್ಲಿ ಮಂಟಪ, ಓಲಗ, ಎಂಟುನೂರು ಜನರ ಊಟ. ಅವ್ವನ ಪ್ರಕಾರ ಎರಡನೆಯದೇ ಮದುವೆ. ಆದರೆ ಕಾಗದಕ್ಕೆ ಮೊದಲನೆಯದೇ ಮದುವೆ. ಆ ಪ್ರಮಾಣಪತ್ರಕ್ಕೆ ಇಲ್ಲಿಯ ಸರ್ಕಾರದಿಂದ ಅಪಾಸ್ಟಿಲ್ ಹಾಕಿಸಿ ಇಟ್ಟುಕೊಳ್ಳಬೇಕು. ಈ ಕಾಗದ ಅಸಲಿ ಅಂತ ಇನ್ನೊಂದು ದೇಶ ಒಪ್ಪುವಂತೆ ಹಾಕುವ ಮುದ್ರೆ ಅದು. ಊರಿಗೆ ಬಂದಮೇಲೆ ಮಾಡಿಸೋಣ ಅಂದರೆ ಆಗುವುದಿಲ್ಲ, ಯಾವ ದೇಶ ಕೊಟ್ಟ ಕಾಗದವೋ ಆ ದೇಶದಲ್ಲೇ ಆಗಬೇಕು. ನನ್ನ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಗಂಡನ ಹೆಸರಿನ ಜಾಗ ಖಾಲಿ ಇತ್ತು. ಅದನ್ನು ತುಂಬಿಸಬೇಕೆಂದರೆ ಹೊಸ ಪಾಸ್‌ಪೋರ್ಟೇ ಮಾಡಿಸಬೇಕು. ಅಕ್ಕ ಹೇಳಿದ್ದಕ್ಕೆ ಅದನ್ನೂ ಮುಗಿಸಿಕೊಂಡೆ.

ಇದೆಲ್ಲಾ ಕಾಗದದ ಮಾತು. ನನಗೆ ಜಾಸ್ತಿ ಭಾರವಾಗಿದ್ದು ಬೇರೆ. ಎಂಟ್ರಿ ವೀಸಾದಲ್ಲಿ ಬಂದವರು ನೌಕರಿ ಮಾಡುವಂತಿಲ್ಲ. ನಮ್ಮವರು ಹದಿನೆಂಟನೇ ವಯಸ್ಸಿನಿಂದ ದುಡಿದವರು. ಇದನ್ನು ಅವರಿಗೆ ಹೇಳುವ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಭಾರತೀಯ ಮೂಲದವರಿಗೆ, ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಭಾರತದಲ್ಲಿ ನೆಲೆಸಲು ಕೊಡುವ ಓಸಿಐ ಕಾರ್ಡ್ ಅಂತ ಒಂದಿದೆ, ಅದು ಬಂದಮೇಲೆ ದುಡಿಯಬಹುದು. ಆದರೆ ಗಂಡ ಹೆಂಡತಿ ಅನ್ನುವ ಸಂಬಂಧದ ಮೇಲೆ ಓಸಿಐ ಕೇಳಬೇಕೆಂದರೆ ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿರಬೇಕು. ಲೆಕ್ಕ ಶುರುವಾಗುವುದು ಭಾರತಕ್ಕೆ ಬಂದ ದಿನದಿಂದಲ್ಲ, ನೋಂದಣಿಯಿಂದ. ನಮ್ಮದು 14 ತಿಂಗಳಾಗಿದೆ, ಇನ್ನು 10 ಬಾಕಿ. ಅರ್ಜಿ ಹಾಕಿದ ಮೇಲೆ ಪರಿಶೀಲನೆಗೂ ಸಮಯ ಹಿಡಿಯುತ್ತದೆ. ಅದಕ್ಕೇ ಒಂದೂವರೆ ವರ್ಷ ಒಬ್ಬರ ಸಂಬಳದಲ್ಲಿ ಮನೆ ನಡೆಯುವಷ್ಟು ಕೂಡಿಟ್ಟುಕೊಂಡು ಹೊರಟಿದ್ದೇವೆ. ದಯವಿಟ್ಟು ಊರಲ್ಲಿರುವವರು "ಅಳಿಯ ಏನು ಕೆಲಸ ಮಾಡ್ತಾರೆ?" ಅಂತ ಬಂದ ವಾರವೇ ಕೇಳಬೇಡಿ. ಅವರು ಸೋಮಾರಿಯಲ್ಲ, ಕಾನೂನು ಹಾಗಿದೆ.

ಅಪ್ಪಾಜಿ ಖುಷಿಯಲ್ಲಿ ಚನ್ನಗಿರಿ ಕಡೆ ಅಳಿಯನ ಹೆಸರಿಗೆ ಒಂದೆಕರೆ ಅಡಿಕೆ ತೋಟ ತೆಗೆಯೋಣ ಅಂದಿದ್ದರು. ಬೇಡ ಅಂದೆ. ಓಸಿಐ ಇದ್ದರೂ ಹೊಲ, ತೋಟ ಕೊಳ್ಳುವಂತಿಲ್ಲ. ವೋಟೂ ಇಲ್ಲ.

ಇನ್ನು ಆ ಕರೆಂಟ್ ಬಿಲ್. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ, ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಅದನ್ನು ಮಾಡುವ ಕಚೇರಿಗೆ ಎಫ್‌ಆರ್‌ಆರ್‌ಓ ಅಂತಾರೆ. 2018ರಿಂದ ಇದು ಆನ್‌ಲೈನ್, ದಾವಣಗೆರೆಯಲ್ಲೇ ಕೂತು ಕಾಗದ ಹಾಕಬಹುದು. ಕರೆದರೆ ಮಾತ್ರ ಹೋಗಬೇಕು. ಎಲ್ಲಿ ವಾಸ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಮಾವನ ಮನೆಯಲ್ಲಿ ಇರುವುದಾದರೆ ಮಾವನ ಹೆಸರಿನ ಬಿಲ್ ಇರುವುದು ಒಳ್ಳೆಯದು. 14 ದಿನ ಜೆಟ್‌ಲ್ಯಾಗ್, ನೆಂಟರು, ಪೂಜೆ ಅನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಹೊರಡುವ ಮೊದಲೇ ಸರಿ ಮಾಡಿಸಿ ಅಂತ ಅಕ್ಕ ಒತ್ತಿ ಹೇಳಿದರು.

ನಾನು ಹೇಳಿದಾಗ ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮನೆಗೆ ಲೈಟ್ ಹಾಕಿಸಿದ್ದು ಅಜ್ಜ. ಹೆಸರು ತೆಗೆಸಲು ಅಪ್ಪಾಜಿಗೆ ಇಷ್ಟು ವರ್ಷ ಮನಸ್ಸೇ ಬಂದಿರಲಿಲ್ಲವಂತೆ. ಆದರೂ ಅಜ್ಜನ ಮರಣ ಪ್ರಮಾಣಪತ್ರ, ಮನೆ ಖಾತೆ ಎಲ್ಲಾ ಕವರಿಗೆ ಹಾಕಿಕೊಂಡು, ಮೊಣಕಾಲು ನೋವಿನಲ್ಲೂ ನಾಲ್ಕು ಸಲ ಓಡಾಡಿದರು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ.

ನಮ್ಮವರ ವೀಸಾ ಹೋದ ವಾರ ಬಂತು. ನಿನ್ನೆ ಅಪ್ಪಾಜಿಯಿಂದ ಇನ್ನೊಂದು ಫೋಟೋ. ಹೊಸ ಬಿಲ್, ಅವರದೇ ಹೆಸರು. ಹಳೆಯ ಬಿಲ್ ಎಲ್ಲಿ ಅಂತ ಕೇಳಿದೆ. ಅಜ್ಜನ ಫೋಟೋ ಹಿಂದೆ ಸಿಕ್ಕಿಸಿದ್ದಾರಂತೆ.