ಪಡು ಕಿಟಕಿಯ ಪಾಠ

ಹತ್ತನೇ ತರಗತಿಯ ಪಡು ಕಿಟಕಿಯಿಂದ ತೆಂಗಿನ ತಲೆಗಳ ಮೇಲೆ ಕಡಲು ಒಂದು ಗೆರೆಯಷ್ಟು ಕಾಣುತ್ತಿತ್ತು. ಆ ಗೆರೆಯಲ್ಲಿ ಯಾವ ಚುಕ್ಕೆ ಕಂಡರೂ "ವಿಕ್ರಾಂತ್! ವಿಕ್ರಾಂತ್!" ಎಂದು ಬೊಬ್ಬೆ. ನಮ್ಮ ನೌಕಾಪಡೆಯ ವಿಮಾನವಾಹಕ ಹಡಗಿನ ಹೆಸರದು. ಸಮಾಜ ಪಾಠದ ಮಾಷ್ಟ್ರು ತಿದ್ದುತ್ತಿದ್ದದ್ದು ಒಂದೇ ಮಾತಿನಲ್ಲಿ: "ಮೊದಲು ಆಕಾರ ಹೇಳು ಮಾರಾಯ, ಹೆಸರು ಆಮೇಲೆ." ಯುದ್ಧನೌಕೆ ಗುರುತಿಸುವ ಕೆಲಸದಲ್ಲಿ ಇವತ್ತಿಗೂ ಕ್ರಮ ಅದೇ. ಶಾಲೆಯ ಸಂಚಿಕೆಗೆ ನೆನಪು ಬರೆಯಿರಿ ಎಂದಾಗ ನನ್ನ ಪುರಾಣಕ್ಕಿಂತ ಆ ಪಾಠವನ್ನೇ ಪೂರ್ತಿ ಮಾಡುವುದು ಲೇಸೆನಿಸಿತು.

ಮೊದಲು ದೂರ. ಕಣ್ಣು ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ, ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಕಾಸರಗೋಡಿನ ನೆಲ್ಲಿಕುಂಜೆಯ ಕಡಲ ಹೊಯಿಗೆಯಲ್ಲಿ ನಿಂತವರಿಗೆ ನಾಲ್ಕೂವರೆ ಕಿ.ಮೀ. 30 ಮೀಟರ್ ಎತ್ತರದ ಕೋಟೆ ಬುರುಜಿನಲ್ಲಿ ನಿಂತರೆ ಹತ್ತೊಂಬತ್ತೂವರೆ. ಹಡಗಿನ ಕಂಬ 25 ಮೀಟರ್ ಇದ್ದರೆ ಅದರ ಪಾಲು ಇನ್ನೂ 18 ಸೇರುತ್ತದೆ. ಅಂದರೆ ಕಂಬದ ತುದಿ 37 ಕಿ.ಮೀ. ದೂರದಲ್ಲೇ ಕಂಡರೂ ಮೈ ಕಾಣಬೇಕಾದರೆ ಅದು 20ರ ಒಳಗೆ ಬರಬೇಕು. ಬರೀ ಕಂಬ ನೋಡಿ ಹೆಸರು ಹೇಳಿದವರು ನೂರಕ್ಕೆ ತೊಂಬತ್ತು ಸಲ ತಪ್ಪುತ್ತಾರೆ.

ನಮ್ಮ ಕರಾವಳಿಗೆ ಬೆಳಕಿನದ್ದೂ ಒಂದು ಲೆಕ್ಕ ಉಂಟು. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗೆ, ಮೂಡು ಕಡೆ. ಬೆಳಕು ನೇರ ಹಡಗಿನ ಮೈ ಮೇಲೆ ಬೀಳುತ್ತದೆ, ಬಣ್ಣ ಮತ್ತು ನಂಬರು ಓದಬಹುದು. ಸಂಜೆ ಅದೇ ಹಡಗು ಮಸಿಯಲ್ಲಿ ಕತ್ತರಿಸಿದ ಚಿತ್ರ. ಆಗ ಬಣ್ಣ ನಂಬಬೇಡಿ, ಅಂಚು ಮಾತ್ರ ನೋಡಿ. ಬಿಳಿ ಮೈಗೆ ಓರೆಪಟ್ಟೆ ಇರುವುದು ಕೋಸ್ಟ್ ಗಾರ್ಡ್, ಬೂದು ಬಣ್ಣದ್ದು ನೌಕಾಪಡೆ ಎಂಬ ಸುಲಭದ ಗುರುತೂ ಸಂಜೆಗೆ ಕೈಕೊಡುತ್ತದೆ.

ಉದ್ದ ಅಳೆಯಲು ಕಿರುಬೆರಳು ಸಾಕು. ಕೈ ಪೂರ್ತಿ ಚಾಚಿದರೆ ಅದರ ಅಗಲ ಸುಮಾರು 1 ಡಿಗ್ರಿ. ಈಗಿನ ವಿಕ್ರಾಂತ್ 262 ಮೀಟರ್ ಉದ್ದ, 15 ಕಿ.ಮೀ. ದೂರದಲ್ಲಿ ಅಡ್ಡಕ್ಕೆ ನಿಂತರೆ ಸರಿಯಾಗಿ ಆ ಬೆರಳಿನ ಹಿಂದೆ ಅಡಗುತ್ತದೆ. ಆದರೆ ದೊಡ್ಡ ಕಂಟೇನರ್ ಹಡಗು ಅದಕ್ಕಿಂತಲೂ ಉದ್ದ, ಪೆಟ್ಟಿಗೆ ಸಮನಾಗಿ ಪೇರಿಸಿದ್ದರೆ ಮೇಲಂಚು ಚಪ್ಪಟೆ. ನಾವು ಕೂಗುತ್ತಿದ್ದ ವಿಕ್ರಾಂತ್‌ಗಳಲ್ಲಿ ಹೆಚ್ಚಿನವು ಇಂಥವೇ ಆಗಿರಬೇಕು. ವ್ಯತ್ಯಾಸ ಅಡಿಯಲ್ಲಿದೆ: ವಿಮಾನವಾಹಕದ ಡೆಕ್ ಮನೆಯ ಮಾಡಿನ ಇಳಿಯಂತೆ ಮೈಯಿಂದ ಹೊರಗೆ ಚಾಚಿರುತ್ತದೆ, ಅದರ ಕೆಳಗೆ ಉದ್ದಕ್ಕೂ ನೆರಳಿನ ಪಟ್ಟೆ. ಕಂಟೇನರ್ ಹಡಗಿಗೆ ಆ ನೆರಳಿಲ್ಲ.

ಆಮೇಲೆ ಐಲ್ಯಾಂಡ್, ಅಂದರೆ ಡೆಕ್ ಮೇಲಿನ ಗೋಪುರ. ಅದು ಬಲಬದಿಗೇ, ಸ್ಟಾರ್‌ಬೋರ್ಡಿಗೇ ಇರುತ್ತದೆ. ಹಳೆಯ ಪ್ರೊಪೆಲ್ಲರ್ ವಿಮಾನಗಳು ಎಂಜಿನ್ ಎಳೆತಕ್ಕೆ ಎಡಕ್ಕೆ ವಾಲುತ್ತಿದ್ದುದರಿಂದ ಎಡಬದಿ ಖಾಲಿ ಬಿಟ್ಟರು ಎನ್ನುವುದು ರೂಢಿಯ ವಿವರಣೆ. ಜಪಾನಿನ ಅಕಾಗಿ ಮತ್ತು ಹಿರ್ಯು ಮಾತ್ರ ಎಡಕ್ಕೆ ಕಟ್ಟಿದ ಅಪವಾದಗಳು. ಕಾಸರಗೋಡಿನವರಿಗೆ ಇದರಿಂದ ಒಂದು ಲಾಭ: ಬಡಗು ಮುಖವಾಗಿ, ಅಂದರೆ ಕೊಚ್ಚಿಯಿಂದ ಕಾರವಾರದ ಕಡೆ ಹೋಗುವ ಹಡಗು ನಮಗೆ ಬಲಬದಿ ತೋರಿಸುತ್ತದೆ, ಗೋಪುರ ಬುಡದಿಂದ ಕಾಣುತ್ತದೆ. ತೆಂಕು ಮುಖವಾದರೆ ಎಡಬದಿ. ಆಗ ಓರೆ ರನ್‌ವೇಯ ಚಾಚು ಮುಂದೆ ಬಂದು ಗೋಪುರ ಹಿಂದಕ್ಕೆ ಸರಿಯುತ್ತದೆ. ಒಂದೇ ಹಡಗು ಹೋಗುವಾಗ ಒಂದು, ಬರುವಾಗ ಇನ್ನೊಂದು ಎನಿಸುವುದು ಹೀಗೆ.

ನಮ್ಮ ಎರಡು ವಿಮಾನವಾಹಕ, ವಿಕ್ರಾಂತ್ ಮತ್ತು ವಿಕ್ರಮಾದಿತ್ಯ, ಎರಡಕ್ಕೂ ಮೂತಿ ಮೇಲಕ್ಕೆ ಬಾಗಿದ ಸ್ಕೀ ಜಂಪ್, ಸುಮಾರು 14 ಡಿಗ್ರಿ. ಇಳಿಯುವ ವಿಮಾನವನ್ನು ಹಿಡಿಯಲು ಮೂರು ತಂತಿ. ಹಾಗಾಗಿ ಮೂತಿಯಿಂದ ಬೇರೆ ಮಾಡಲಾಗದು, ಗೋಪುರವನ್ನೇ ನೋಡಬೇಕು. ವಿಕ್ರಮಾದಿತ್ಯ ಮೂಲದಲ್ಲಿ ಸೋವಿಯೆತ್ 'ಬಾಕು', ಅರ್ಧ ಕ್ರೂಸರ್ ಅರ್ಧ ವಾಹಕ. ಮುಂಭಾಗದ ಕ್ಷಿಪಣಿ ಕೊಳವೆಗಳನ್ನು ಕಿತ್ತು ಡೆಕ್ ಹಾಸಿದರೂ ಆ ಕಾಲದ ದಪ್ಪ, ಉದ್ದನೆಯ ಗೋಪುರ ಉಳಿದಿದೆ. ಪೇಟೆಯ ಲಾಡ್ಜಿನ ಹಾಗೆ. 284 ಮೀಟರ್ ಉದ್ದ, 2013ರಲ್ಲಿ ಸೇವೆಗೆ. ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂದ ವಿಕ್ರಾಂತ್‌ನದ್ದು ಸಪೂರ ಗೋಪುರ. ಇದರ ಎರಡು ವಿಮಾನ ಲಿಫ್ಟುಗಳೂ ಬಲ ಅಂಚಿನಲ್ಲಿವೆ. ಬಡಗಿಗೆ ಹೋಗುವಾಗ ಬೆಳಗಿನ ಬಿಸಿಲಿಗೆ ಅಲ್ಲಿ ಕಪ್ಪು ಬಾಯಿಗಳು ಕಾಣಬಹುದು. ವಿಕ್ರಮಾದಿತ್ಯದ ಲಿಫ್ಟುಗಳು ಡೆಕ್ಕಿನ ಒಳಗಿವೆ.

ಹೊರದೇಶದವು ಇನ್ನೂ ಸುಲಭ. ಎರಡು ಗೋಪುರ ಕಂಡರೆ ಬ್ರಿಟನ್ನಿನ ಕ್ವೀನ್ ಎಲಿಜಬೆತ್ ಜಾತಿ. ಮೂತಿ ಚಪ್ಪಟೆ, ಗೋಪುರ ತೀರಾ ಹಿಂದೆ ಇದ್ದರೆ ಅಮೆರಿಕದ ಫೋರ್ಡ್. ಮೂತಿ ಚಪ್ಪಟೆ, ಗೋಪುರ ನಡುವಿಗಿಂತ ಮುಂದೆ ಇದ್ದರೆ ಫ್ರಾನ್ಸಿನ ಶಾರ್ಲ್ ದ ಗಾಲ್.

ನಂಬರು ಕೊನೆಗೆ. ಹಡಗಿನ ಮೈ ಮೇಲೆ ಬರೆಯುವ ಬ್ರಿಟಿಷ್ ಪದ್ಧತಿಯ ಪೆನಂಟ್ ನಂಬರಿನಲ್ಲಿ ಮೊದಲ ಅಕ್ಷರ ಜಾತಿ ಹೇಳುತ್ತದೆ: ಆರ್ ವಿಮಾನವಾಹಕ, ಡಿ ಡೆಸ್ಟ್ರಾಯರ್, ಎಫ್ ಫ್ರಿಗೇಟ್, ಎ ಸಹಾಯಕ ಹಡಗು. ಓದಿದರೆ ಮುಗಿಯಿತು ಎನ್ನುವಂತಿಲ್ಲ. ನಮ್ಮ ಜಿ.ಕೆ. ಪುಸ್ತಕದಲ್ಲಿ ಆರ್ 11 ಎಂದರೆ 1961ರ ವಿಕ್ರಾಂತ್. ಅದು 1997ರಲ್ಲಿ ನಿವೃತ್ತಿಯಾಗಿ ಆಮೇಲೆ ಗುಜರಿಗೆ ಹೋಯಿತು. ಅದೇ ನಂಬರು, ಅದೇ ಹೆಸರು ಈಗ ಬೇರೆ ಹಡಗಿನ ಮೇಲಿದೆ. ಹಳೆಯ ಹಡಗಿನ ಮೊದಲ ಚಿತ್ರಗಳಲ್ಲಿ ಮೂತಿ ಚಪ್ಪಟೆ, ಅದರದೇ ನಂತರದ ಚಿತ್ರಗಳಲ್ಲಿ ಸ್ಕೀ ಜಂಪ್. ಎರಡೂ ಸರಿ, ನಡುವೆ ವಿಮಾನ ಚಿಮ್ಮಿಸುವ ಕವಣೆಯಂತ್ರ ತೆಗೆದು ಮೂತಿ ಬದಲಿಸಿದ್ದರು. ನಮ್ಮ ಇನ್ನೊಂದು ಹಳೆಯ ವಾಹಕ ವಿರಾಟ್ ಆರ್ 22, ಬ್ರಿಟನ್ನಿನಲ್ಲಿ ಹರ್ಮಿಸ್ ಆಗಿದ್ದಾಗ ಆರ್ 12. ನಮ್ಮ 'ಮೈಸೂರು' ಕ್ರೂಸರ್ ಇದ್ದಾಗ ಸಿ 60, ಈಗಿನ ಡೆಸ್ಟ್ರಾಯರ್ ಡಿ 60.

ರೇಡಿಯೋ ಗುರುತಂತೂ ಬೇಕೆಂದೇ ಸುಳ್ಳು ಹೇಳಬಲ್ಲದು. 1971ರಲ್ಲಿ ವಿಕ್ರಾಂತ್ ಅಂಡಮಾನಿನಲ್ಲಿ ಅಡಗಿದ್ದಾಗ, ಹಳೆಯ ಡೆಸ್ಟ್ರಾಯರ್ ರಾಜಪೂತ್ ವಿಶಾಖಪಟ್ಟಣದ ಬಳಿ ತಾನೇ ವಿಕ್ರಾಂತ್ ಎಂಬಂತೆ ಸಂದೇಶ ಕಳಿಸುತ್ತಿತ್ತು. ವಿಕ್ರಾಂತ್ ಹುಡುಕಿ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಮುಳುಗಿದ್ದು ಅಲ್ಲೇ, ಡಿಸೆಂಬರ್ 3–4ರ ರಾತ್ರಿ. ಈಗ ಮೊಬೈಲಿನಲ್ಲಿ ಹಡಗು ತೋರಿಸುವ ಎ.ಐ.ಎಸ್., ಅಂದರೆ ಹಡಗು ತಾನೇ ರೇಡಿಯೋದಲ್ಲಿ ಕಳಿಸುವ ಗುರುತು, ಅದನ್ನು ನಂಬಿ ಕೂತರೂ ಅಷ್ಟೇ. ಯುದ್ಧನೌಕೆಗೆ ಅದು ಕಡ್ಡಾಯವಲ್ಲ.

ರಾತ್ರಿಯ ಮಾತು ಕಸಬಾ ಕಡಪ್ಪುರದಿಂದ ಹೋಗುವ ಬೋಟಿನವರಿಗೆ. 50 ಮೀಟರ್ ದಾಟಿದ ಹಡಗಿಗೆ ಎರಡು ಬಿಳಿ ಕಂಬದೀಪ, ಹಿಂದಿನದು ಎತ್ತರಕ್ಕೆ, ಕನಿಷ್ಠ 6 ನಾಟಿಕಲ್ ಮೈಲಿ ಕಾಣಬೇಕು. ಬಲಬದಿಯ ಹಸಿರು, ಎಡಬದಿಯ ಕೆಂಪು ದೀಪ 3 ಮೈಲಿ. ಹಡಗು ನಮ್ಮ ಪಡುಕ್ಕಿದ್ದರೆ ಹಸಿರು ಎಂದರೆ ಬಡಗಿಗೆ, ಕೆಂಪು ಎಂದರೆ ತೆಂಕಿಗೆ. ಎರಡು ಬಿಳಿ ದೀಪ ಒಂದರ ಮೇಲೊಂದು ಬಂದರೆ ಹಡಗು ನೇರ ನಮ್ಮ ಮೇಲೇ ಬರುತ್ತಿದೆ ಎಂಬುದು ಎಲ್ಲರ ಲೆಕ್ಕ. ವಿಮಾನವಾಹಕದಲ್ಲಿ ಈ ಲೆಕ್ಕ ಕೆಡುತ್ತದೆ: ದೀಪ ಬಲಬದಿಯ ಗೋಪುರದ ಮೇಲಿರುವುದರಿಂದ ಅರ್ಧಕ್ಕಿಂತ ಹೆಚ್ಚು ಡೆಕ್ ಹಡಗಿನ ಎಡಕ್ಕೆ, ಅಂದರೆ ಎದುರಿರುವ ನಮ್ಮ ಬಲಕ್ಕೆ, ಕತ್ತಲಲ್ಲಿ ಇರುತ್ತದೆ. 60 ಮೀಟರ್ ಅಗಲದ ಹಡಗು ಅದು.

ಮೇಲಿಂದ ಕೆಳಗೆ ಕೆಂಪು, ಬಿಳಿ, ಕೆಂಪು ದೀಪ ಹೊತ್ತಿದ್ದರೆ ಹಡಗು ಸುಲಭಕ್ಕೆ ತಿರುಗಲಾರದು ಎಂದರ್ಥ; ವಿಮಾನವಾಹಕದಲ್ಲಾದರೆ ವಿಮಾನ ಏರಿಸುವ ಇಳಿಸುವ ಕೆಲಸ ನಡೆದಿರಬಹುದು. ಹಗಲಲ್ಲಾದರೆ ದೀಪದ ಬದಲು ಚೆಂಡು, ವಜ್ರಾಕೃತಿ, ಚೆಂಡು ತೂಗಿರುತ್ತವೆ, ಮೂರೂ ಕಪ್ಪು. ಆಗ ದಾರಿ ಬಿಡಬೇಕಾದವರು ಬಲೆ ಎಳೆಯುತ್ತಿರುವವರೇ. ಹಡಗು ಗಾಳಿಗೆ ಮುಖ ಕೊಟ್ಟೇ ಓಡಬೇಕು, ಅಡ್ಡ ಬಂದರೂ ತಿರುಗುವುದು ಕಷ್ಟ. ಕೆಲಸ ಮುಗಿದು ದೀಪ ಆರಿದ ಮೇಲೆ ಹಳೆಯ ದಾರಿಗೆ ಹೊರಳುತ್ತದೆ. ದಾಟಿ ಹೋಯಿತೆಂದು ಬಲೆ ಬಿಡಲು ಆಗ ಅವಸರ ಮಾಡಬೇಡಿ, ಹಸಿರೋ ಕೆಂಪೋ ಇನ್ನೊಮ್ಮೆ ನೋಡಿ.