ಮೊದಲು ಚಿಪ್ಪು ಎತ್ತಿ ನೋಡಬೇಕಿತ್ತು

ಆರ್ಕಿಡ್ ಬೆಳೆಸುವ ಪಾಲಿಹೌಸ್‌ನಲ್ಲಿ ಗಿಡಗಳ ಹುಳು, ರೋಗ ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಹೊಸತರಲ್ಲೇ ಒಂದು ಸಾಲು ಕ್ಯಾಟ್ಲಿಯಾ ಗಿಡಗಳಿಗೆ ಶಲ್ಕ ಕೀಟ ಹತ್ತಿತು. ನಾವೆಲ್ಲ ಸ್ಕೇಲ್ ಅಂತಲೇ ಕರೆಯುತ್ತೇವೆ. ರಸ ಹೀರುವ ಹುಳು ತಾನೇ ಅಂದುಕೊಂಡು ಕುಂಡಗಳಿಗೆ ಇಮಿಡಾಕ್ಲೋಪ್ರಿಡ್ ಹಾಕಿದೆ. ಬೇರಿನಿಂದ ಮೇಲೇರಿ ಗಿಡದೊಳಗೆಲ್ಲ ಹರಡುವ ಔಷಧಿ ಅದು. ಮೂರು ವಾರ ಕಾದೆ. ಹುಳು ಕಮ್ಮಿ ಆಗುವ ಬದಲು ಪಕ್ಕದ ಸಾಲಿಗೂ ದಾಟಿತು.

ನಮ್ಮಲ್ಲಿ ತುಂಬ ವರ್ಷ ಕೆಲಸ ಮಾಡಿದ ಹಿರಿಯರೊಬ್ಬರು ಬಂದು ಗುಂಡುಸೂಜಿ ಕೇಳಿದರು. ಎಲೆಯ ಅಡಿಯಲ್ಲಿದ್ದ ಒಂದು ಚುಕ್ಕೆಯ ಅಂಚಿಗೆ ಸೂಜಿಮೊನೆ ಕೊಟ್ಟು ಮೆಲ್ಲಗೆ ಎತ್ತಿದರು. ತೆಳ್ಳಗಿನ ಚಿಪ್ಪು ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಕೆಳಗೆ ಹಳದಿ ಹುಳು ಎಲೆಗೆ ಅಂಟಿಕೊಂಡೇ ಕೂತಿತ್ತು. "ನೋಡಪ್ಪ, ಚಿಪ್ಪು ಬೇರೆ, ಹುಳ ಬೇರೆ. ನೀನು ಹಾಕಿದ ಔಷಧಿ ಇದರ ಬಾಯಿಗೇ ಹೋಗಲ್ಲ" ಅಂದರು.

ವಿಷಯ ಇರುವುದೇ ಅಲ್ಲಿ. ಮೆತ್ತನೆಯ ಸ್ಕೇಲ್‌ಗಳು ಗಿಡದ ಆಹಾರ ಹರಿಯುವ ನಾಳಕ್ಕೇ ಬಾಯಿ ಹಾಕುತ್ತವೆ. ಜಾಸ್ತಿಯಾದ ಸಿಹಿಯನ್ನು ಅಂಟಾಗಿ ಹೊರಗೆ ಬಿಡುತ್ತವೆ. ಎಲೆ ಜಿಗುಟಾಗಿ, ಇರುವೆ ಓಡಾಡಿ, ಕಪ್ಪು ಬೂಷ್ಟು ಬಂದಿದ್ದರೆ ಅವು ಇರಬಹುದು. ಅವಕ್ಕೆ ಇಮಿಡಾಕ್ಲೋಪ್ರಿಡ್ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿದ್ದದ್ದು ಬಾಯ್ಸ್‌ಡುವಾಲ್ ಸ್ಕೇಲ್, ಹೀಗೆ ಹುಳದಿಂದ ಬಿಟ್ಟುಕೊಳ್ಳುವ ಗಟ್ಟಿ ಚಿಪ್ಪಿನ ಜಾತಿ. ಅದು ನಾಳಕ್ಕೆ ಹೋಗದೆ ಎಲೆಯ ಜೀವಕೋಶಗಳನ್ನೇ ಹೀರುತ್ತದೆ. ಅಂಟು ಬಿಡುವುದಿಲ್ಲ. ಗಂಡುಗಳ ಗುಂಪು ಬಿಳಿ ಹತ್ತಿಯ ಹಾಗೆ ಕಾಣುವುದರಿಂದ ಎಷ್ಟೋ ಜನ ಹಿಟ್ಟು ತಿಗಣೆ ಅಂದುಕೊಳ್ಳುತ್ತಾರೆ. ಒಳಹರಡುವ ಔಷಧಿಯೇ ಬೇಕೆಂದರೆ ನೀರಿನಲ್ಲಿ ಹೆಚ್ಚು ಕರಗುವ ಡೈನೋಟೆಫ್ಯುರಾನ್ ಇದಕ್ಕೆ ವಾಸಿ.

ಇನ್ನೊಂದು ಪಾಠ ಸಮಯದ್ದು. ಚಿಪ್ಪಿನೊಳಗೆ ಕೂತ ಹೆಣ್ಣಿಗೆ ಮೇಲಿನಿಂದ ಹೊಡೆದ ಔಷಧಿ ಅಷ್ಟಾಗಿ ತಾಗುವುದಿಲ್ಲ. ಆಗತಾನೇ ಮೊಟ್ಟೆಯಿಂದ ಹೊರಬಂದು ತೆವಳುವ ಮರಿಗೆ ಚಿಪ್ಪೇ ಇರುವುದಿಲ್ಲ. ನಮಗೆ ಸಿಗುವುದು ಆ ಮರಿಯೇ. ನಾನು ಎರಡೂ ಕಡೆ ಅಂಟಿರುವ ಟೇಪನ್ನು ಬಲ್ಬಿಗೆ, ಅಂದರೆ ಗಿಡದ ಉಬ್ಬಿದ ಕಾಂಡಕ್ಕೆ, ಸುತ್ತಿ ಬಿಡುತ್ತೇನೆ. ಲೆನ್ಸ್ ಹಿಡಿದರೆ ಅದರ ಮೇಲೆ ಹಳದಿ ಪುಡಿ ಉದುರಿದಂತೆ ಮರಿಗಳು ಕಾಣುತ್ತವೆ. ಆಗ ತೋಟಗಾರಿಕೆ ಎಣ್ಣೆ, ಅಂದರೆ ಗಿಡಕ್ಕೆ ಹೊಡೆಯಲೆಂದೇ ಮಾಡಿದ ಎಣ್ಣೆಯನ್ನು ನೀರಿಗೆ ಬೆರೆಸಿ ಹೊಡೆಯುತ್ತೇನೆ. ಎಣ್ಣೆ ಉಸಿರು ಕಟ್ಟಿಸಿ ಕೊಲ್ಲುತ್ತದೆ, ಹಾಗಾಗಿ ಎಲೆಯ ಬೆನ್ನು, ಸಂದು, ಬಲ್ಬಿನ ಒಣಸಿಪ್ಪೆಯ ಒಳಗೆ ಎಲ್ಲ ತೊಯ್ಯಲೇಬೇಕು. ಬಿಸಿಲಲ್ಲಿ ಅಥವಾ 30 ಡಿಗ್ರಿ ದಾಟಿದ ಸೆಕೆಯಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗಂಧಕದ ಜೊತೆ ಅಂತೂ ಬೇಡವೇ ಬೇಡ.

ಮೊಟ್ಟೆ ಒಳಗೇ ಉಳಿದಿರುವುದರಿಂದ ಒಂದು ಸಲ ಸಾಲುವುದಿಲ್ಲ. 10ರಿಂದ 14 ದಿನಕ್ಕೊಮ್ಮೆ, ಕನಿಷ್ಠ ಮೂರು ಸಲ. ಹುಳು ವಿಪರೀತ ಇದ್ದರೆ ಪೈರಿಪ್ರಾಕ್ಸಿಫೆನ್ ಅಥವಾ ಬುಪ್ರೊಫೆಜಿನ್ ಬಳಸುತ್ತೇನೆ. ಇವು ಮರಿ ಬೆಳೆಯುವುದನ್ನೇ ತಡೆಯುತ್ತವೆ. ದೊಡ್ಡ ಹುಳುವನ್ನು ಕೊಲ್ಲುವುದಿಲ್ಲ, ಫಲ ನಿಧಾನ. ತಕ್ಷಣ ಸಾಯಲಿ ಅಂತ ಪೈರೆಥ್ರಾಯ್ಡ್ ಹೊಡೆಯುವವರಿಗೆ ನನ್ನದೊಂದು ಕೋರಿಕೆ: ಸ್ಕೇಲ್ ತಿನ್ನುವ ಸಣ್ಣ ಕಣಜ, ಗುಲಗಂಜಿ ಹುಳು ಮೊದಲು ಸಾಯುತ್ತವೆ, ಸ್ಕೇಲ್ ಆಮೇಲೆ ಇನ್ನೂ ಜಾಸ್ತಿಯಾಗಿ ಬರುತ್ತದೆ.

ದ್ರವದ ಔಷಧಿಗಳ ವಿಚಾರದಲ್ಲೂ ಎಚ್ಚರ ಬೇಕು. ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಕೆಲವದರಲ್ಲಿ ಇರುವ ದ್ರಾವಕವೇ ಮೊಗ್ಗನ್ನು ಹಾಳು ಮಾಡುತ್ತದೆ. ಲೇಬಲ್‌ನಲ್ಲಿ ಆರ್ಕಿಡ್ ಅಥವಾ ಅಲಂಕಾರಿಕ ಗಿಡ ಅಂತ ಇದೆಯಾ ನೋಡಿ, ಒಂದೇ ಗಿಡಕ್ಕೆ ಹೊಡೆದು ಒಂದು ವಾರ ಕಾಯುತ್ತೇನೆ.

ಸತ್ತ ಸ್ಕೇಲ್ ಉದುರುವುದಿಲ್ಲ, ಅಲ್ಲೇ ಅಂಟಿರುತ್ತದೆ. ಅದನ್ನು ನೋಡಿ ಔಷಧಿ ಹಿಡಿಯಲಿಲ್ಲ ಅಂತ ಸುಮ್ನೆ ಮತ್ತೆ ಹೊಡೆಯುವುದುಂಟು. ಈಗ ಪ್ರತಿ ಗಿಡದಿಂದ ಹತ್ತು ಚಿಪ್ಪನ್ನು ಉಗುರಿನಿಂದ ಒತ್ತಿ ನೋಡುತ್ತೇನೆ. ರಸ ಬಂದರೆ ಬದುಕಿದೆ. ಒಣಗಿ ಪುಡಿಯಾದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದು, ಆ ಗಿಡದ ಹುಳುವಿನ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.